ಹೌಸಿಗೆ ಯಾರ ಹೆಸರು?

ನಮ್ಮ ವಿಜಯನಗರ, ರಾಜಾಜಿನಗರ, ಕೆಂಗೇರಿ ಕಡೆಯ ಎಷ್ಟೋ ಶಾಲೆಗಳಲ್ಲಿ ಮಕ್ಕಳನ್ನು ನಾಲ್ಕು ಹೌಸುಗಳಾಗಿ ಹಂಚುತ್ತಾರೆ. ಇಂಗ್ಲೆಂಡಿನ ಶ್ರೀಮಂತರ ಮಕ್ಕಳ ವಸತಿಶಾಲೆಗಳಿಂದ ಬಂದ ಪದ್ಧತಿ ಇದು. ಅಲ್ಲಿ ಹೌಸು ಅಂದರೆ ಮಕ್ಕಳು ಮಲಗುವ ಮನೆ. ಇಲ್ಲಿ ಕೆಂಪು, ನೀಲಿ, ಹಸಿರು, ಹಳದಿ ಬನಿಯನ್ನು. ಬಣ್ಣ ಸಾಲದು ಅಂದವರು ಗಾಂಧಿ, ನೆಹರೂ, ಟ್ಯಾಗೋರ್ ಅಂದರು. ಈಗ ಸಾಧಕಿಯರ ಹೆಸರಿಡೋಣ ಅನ್ನುವ ಮಾತು ಬಂದಿದೆ. ಒಳ್ಳೆಯ ಮಾತೇ. ಆದರೆ ಯಾವ ಹೆಣ್ಣಿನ ಹೆಸರು, ಯಾತಕ್ಕೆ ಅಂತ ಕೇಳದೆ ಚಪ್ಪಾಳೆ ತಟ್ಟಲು ನಮ್ಮ ಕೈ ಏಳುತ್ತಿಲ್ಲ.

ಹೆಸರಿನಿಂದ ಹೊಟ್ಟೆ ತುಂಬುತ್ತದೇನ್ರಿ ಅಂತ ನಮ್ಮ ಗೆಳೆಯರೇ ಕೆಲವರು ನಗುತ್ತಾರೆ. ತುಂಬುವುದಿಲ್ಲ. ಆದರೆ ಹೆಸರಿನ ಬೆಲೆ ಅದನ್ನು ಕಳಕೊಂಡವರಿಗೆ ಗೊತ್ತು. ಒಡೆಯರ ಹೊಲದಲ್ಲಿ ನಮ್ಮ ಅವ್ವಂದಿರನ್ನು ಯಾರೂ ಪೂರ್ತಿ ಹೆಸರು ಹಿಡಿದು ಕರೆಯಲಿಲ್ಲ. ಕೆಂಚಮ್ಮ ಕೆಂಚಿಯಾದಳು, ಕಾಳಮ್ಮ ಕಾಳಿಯಾದಳು, ಅದೂ ಇಲ್ಲದಿದ್ದರೆ 'ಲೇ ಇವಳೇ'. ಮೇಷ್ಟ್ರು ಹಾಜರಿ ಪುಸ್ತಕದಿಂದ ಮೊದಲ ಸಲ ನಮ್ಮ ಹೆಸರನ್ನು ಪೂರ್ತಿ ಓದಿದಾಗ, ಇದು ಯಾರದಪ್ಪಾ ಅಂತ ನಾವೇ ಹಿಂದಕ್ಕೆ ತಿರುಗಿ ನೋಡಿದ್ದುಂಟು.

ಇನ್ನು ನಮ್ಮ ಬಡಾವಣೆಗಳ ಬೋರ್ಡು ನೋಡಿ. ರಾಜಾಜಿನಗರದ ರಾಜಾಜಿ 1953ರಲ್ಲಿ, ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ, ಹಳ್ಳಿ ಮಕ್ಕಳಿಗೆ ಅರ್ಧ ಹೊತ್ತು ಶಾಲೆ, ಮಿಕ್ಕ ಹೊತ್ತು ಹೆತ್ತವರ ಕಸುಬು ಅನ್ನುವ ಯೋಜನೆ ತಂದರು. ಕುಲಕಲ್ವಿ, ಅಂದರೆ ಕುಲದ ಓದು, ಅಂತ ದ್ರಾವಿಡ ಚಳವಳಿಯವರು ಅದರ ವಿರುದ್ಧ ಬೀದಿಗಿಳಿದರು. 1954ರಲ್ಲಿ ಕಾಮರಾಜರು ಬಂದ ಮೇಲೆ ಅದು ಬಿದ್ದುಹೋಯಿತು. ಉಳಿದಿದ್ದರೆ ಜಾಡಮಾಲಿಯ ಮಗಳು ಬೆಳಿಗ್ಗೆ ಬಳಪ, ಮಧ್ಯಾಹ್ನ ಪೊರಕೆ ಹಿಡಿಯಬೇಕಿತ್ತು. ರಾಜಾಜಿನಗರದ ಎಷ್ಟು ಮಕ್ಕಳಿಗೆ ನಾವು ಈ ಕತೆ ಹೇಳಿದ್ದೇವೆ? ಬೋರ್ಡು ಏರಿದ ಹೆಸರು ಮಾತಾಡುವುದನ್ನು ಬಿಡುತ್ತದೆ. ಹೌಸು ಏರುವ ಹೆಣ್ಣಿಗೂ ಇದೇ ಗತಿಯೇ ಅನ್ನುವುದು ನಮ್ಮ ಭಯ.

ಓಬವ್ವನಿಗೆ ಆಗಲೇ ಆ ಗತಿ ಬಂದಿದೆ. 1972ರ 'ನಾಗರಹಾವು' ಸಿನಿಮಾದಿಂದ ಆಕೆ ಮನೆಮನೆಗೂ ಗೊತ್ತು. 2021ರಿಂದ ಸರ್ಕಾರವೇ ನವೆಂಬರ್ 11ರಂದು ಜಯಂತಿ ಮಾಡುತ್ತಿದೆ. ಮಕ್ಕಳಿಗೆ ಒನಕೆ ಗೊತ್ತು, ಕಿಂಡಿ ಗೊತ್ತು. ಛಲವಾದಿಗಳ ಮನೆಯವಳು ಅಂದರೆ ಮಾತ್ರ 'ಜಾತಿ ಯಾಕ್ರಿ ತರ್ತೀರಿ' ಅಂತಾರೆ. ಕೇರಿಯವಳನ್ನು ಕೇರಿಯಿಂದ ಕಿತ್ತು ಗೋಡೆಗೆ ಅಂಟಿಸುವುದು ಗೌರವವೋ, ಕಳ್ಳತನವೋ?

ರಾಣಿಯರ ಪಟ್ಟಿ ಮಾಡುವುದು ಸುಲಭ. ಮುಕ್ತಾ ಸಾಳ್ವೆಯ ಹೆಸರು ಯಾವ ಪಟ್ಟಿಯಲ್ಲೂ ನಮಗೆ ಕಂಡಿಲ್ಲ. ನಮ್ಮ ಕಡೆ ಮಾದಿಗರಿದ್ದ ಹಾಗೆ ಅಲ್ಲಿ ಮಾಂಗರು. ಆ ಜಾತಿಯ ಹದಿನಾಲ್ಕರ ಹುಡುಗಿ ಆಕೆ. ಪುಣೆಯಲ್ಲಿ ಫುಲೆ ದಂಪತಿಗಳ ಶಾಲೆಯಲ್ಲಿ ಅಕ್ಷರ ಕಲಿತು, 1855ರಲ್ಲಿ 'ಜ್ಞಾನೋದಯ' ಪತ್ರಿಕೆಗೆ ತನ್ನ ಜನರ ದುಃಖ ಬರೆದಳು. ವೇದ ಬ್ರಾಹ್ಮಣರದೇ ಆಸ್ತಿಯಾದರೆ ನಮಗೆ ಧರ್ಮವೇ ಇಲ್ಲವಾಯಿತಲ್ಲ ಅಂತ ಕೇಳಿದಳು. ಕತ್ತಿ ಹಿಡಿದವಳಲ್ಲ, ಕುದುರೆ ಏರಿದವಳಲ್ಲ. ಎಂಟನೇ ಕ್ಲಾಸಿನ ಹುಡುಗಿಗೆ ಇವಳಷ್ಟು ಹತ್ತಿರದವಳು ಯಾರಿದ್ದಾರೆ?

ದೂರ ಯಾಕೆ, ನಮ್ಮ ಮಾಗಡಿ ರಸ್ತೆ ಹಿಡಿದು ಹೋಗಿ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ತನಕ 385 ಆಲದ ಮರ. ಶಾಲೆಯ ಮೆಟ್ಟಿಲು ಹತ್ತದ, ಕೂಲಿ ಮಾಡಿ ಉಂಡ ತಿಮ್ಮಕ್ಕ ಗಂಡ ಚಿಕ್ಕಯ್ಯನ ಜೊತೆ ನೀರು ಹೊತ್ತು ಬೆಳೆಸಿದವು. 2025ರ ನವೆಂಬರಿನಲ್ಲಿ ಆಕೆ ತೀರಿಕೊಂಡರು. 'ಸಾಲುಮರದ' ಅನ್ನುವುದು ಅಪ್ಪನಿಂದ ಬಂದದ್ದಲ್ಲ, ಗಂಡನಿಂದ ಬಂದದ್ದಲ್ಲ. ಇಟ್ಟ ಹೆಸರಲ್ಲ, ನೆಟ್ಟ ಹೆಸರು.

ಇಷ್ಟೆಲ್ಲ ಒಪ್ಪಿಕೊಂಡರೂ ಒಂದು ತೊಡಕಿದೆ. ಹೌಸು ಇರುವುದೇ ಪೈಪೋಟಿಗೆ. ಆಟೋಟದ ದಿನ ಮೈಕಿನಲ್ಲಿ ಕೂಗುತ್ತಾರೆ: ಸಾವಿತ್ರಿ ಹೌಸು ಫಾತಿಮಾ ಹೌಸನ್ನು ಸೋಲಿಸಿತು! 1856ರಲ್ಲಿ ಸಾವಿತ್ರಿಬಾಯಿ ಕಾಯಿಲೆ ಬಿದ್ದು ತವರಿನಲ್ಲಿದ್ದಾಗ ಜೋತಿಬಾಗೆ ಕಾಗದ ಬರೆದರು. ತಾನಿಲ್ಲದೆ ಫಾತಿಮಾಗೆ ಎಷ್ಟು ಕಷ್ಟವಾಗುತ್ತಿದೆಯೋ, ಆದರೂ ಆಕೆ ಗೊಣಗುವವಳಲ್ಲ ಅಂತ ಅದರಲ್ಲಿದೆ. ಒಬ್ಬಳ ಹೊರೆಗೆ ಇನ್ನೊಬ್ಬಳು ಹೆಗಲು ಕೊಟ್ಟವರನ್ನು ಹಗ್ಗದ ಎರಡು ತುದಿಗೆ ನಿಲ್ಲಿಸಿ ಎಳೆಸುವುದು ಹೇಗೆ? ಹಾಗಾದರೆ ಹೌಸೇ ಬೇಡ ಅಂತಾರೆ ನಮ್ಮಲ್ಲಿ ಕೆಲವರು. ಅಂಚಿನಲ್ಲೇ ನಿಂತು ಬಂದ ನಮ್ಮ ಮಕ್ಕಳು ಒಂದು ಸಲ ಗೆದ್ದಾದರೂ ನೋಡಲಿ ಬಿಡಿ ಅಂತಾರೆ ಇನ್ನು ಕೆಲವರು. ನಮ್ಮ ಜಗಳ ಇನ್ನೂ ಮುಗಿದಿಲ್ಲ.

ಒಂದು ಶಾಲೆಯಲ್ಲಿ ಇದೇ ಜಗಳ ಆಡುತ್ತ ಕೂತಿದ್ದೆವು. ಹೌಸುಗಳ ಬೋರ್ಡನ್ನು ಹೆಂಗಸೊಬ್ಬರು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಅವರ ಹೆಸರೇನು ಅಂತ ಮಕ್ಕಳನ್ನು ಕೇಳಿದೆವು. 'ಆಯಾ' ಅಂದವು. ಹೆಸರು ಮಕ್ಕಳಾ, ಹೆಸರು ಅಂದೆವು. ಒಂದರ ಮುಖ ಒಂದು ನೋಡಿಕೊಂಡವು. ಆಮೇಲೆ ಒಬ್ಬಳು ಎದ್ದು ಅವರ ಹತ್ತಿರ ಹೋದಳು.