ಮಣಿಕಟ್ಟಿನ ಮೇಲಿನ ಹೊತ್ತು

ಕೈಗಡಿಯಾರ ಇಂದು ಇಲ್ಲದಿದ್ದರೂ ನಡೆಯುವ ವಸ್ತು. ಹೊತ್ತು ತಿಳಿಯಲು ಜೇಬಿನ ಮೊಬೈಲು ಸಾಕು. ಕಾರಿನಲ್ಲಿ, ಮೈಕ್ರೋವೇವ್ ಒಲೆಯ ಮೇಲೆ, ಕಂಪ್ಯೂಟರಿನ ಮೂಲೆಯಲ್ಲಿ ಗಂಟೆ ನಿಮಿಷಗಳ ಅಂಕಿ ಸದಾ ಕಾಣುತ್ತಿರುತ್ತದೆ. ನೆಟ್‌ವರ್ಕಿನ ಮೂಲಕ ಸರಿಹೊಂದಿಸಿಕೊಳ್ಳುವ ಮೊಬೈಲಿನ ಸಮಯ ಸಾಮಾನ್ಯ ಕೈಗಡಿಯಾರಕ್ಕಿಂತ ಕರಾರುವಾಕ್ಕು. ಹೀಗಿದ್ದೂ ಬೆಳಿಗ್ಗೆ ಸ್ನಾನ ಮುಗಿಸಿ, ಶರ್ಟಿನ ತೋಳಿನ ಗುಂಡಿ ಹಾಕುವ ಮೊದಲು ಎಡಗೈಗೆ ವಾಚು ಕಟ್ಟುವವರು ಇದ್ದೇ ಇದ್ದಾರೆ. ಒಂದು ತಲೆಮಾರಿನ ಹಿಂದೆ ಅದು ಅಗತ್ಯವಾಗಿತ್ತು, ಈಗ ಆಯ್ಕೆ. ಆಯ್ಕೆ ಎಂದಮೇಲೆ ಅದಕ್ಕೆ ಕಾರಣಗಳೂ ಇರುತ್ತವೆ.

ಮೊದಲನೆಯ ಕಾರಣ ತೀರ ಸರಳ. ಮಣಿಕಟ್ಟಿನತ್ತ ಕಣ್ಣು ಹಾಯಿಸಿದರೆ ಹೊತ್ತು ಕಾಣುತ್ತದೆ, ನೋಟ ಅಲ್ಲಿಗೆ ಮುಗಿಯುತ್ತದೆ. ಹೊತ್ತು ನೋಡಲೆಂದು ಮೊಬೈಲು ತೆಗೆದವರ ಬೆರಳು ಸಂದೇಶಕ್ಕೆ, ಸುದ್ದಿಗೆ, ಇನ್ನಾವುದಕ್ಕೋ ಹೋಗಿ, ಐದು ನಿಮಿಷದ ನಂತರ ಮೊಬೈಲನ್ನು ಜೇಬಿಗಿಟ್ಟಾಗ ಗಂಟೆ ಎಷ್ಟೆಂಬುದೇ ಮರೆತಿರುತ್ತದೆ. ವಾಚು ಒಂದೇ ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಅದರ ಈ ಮಿತಿಯೇ ಅದರ ದೊಡ್ಡ ಗುಣ. ರೋಗಿಯ ನಾಡಿ ಹಿಡಿದು ಎಣಿಸುವ ದಾದಿಗೆ ಒಂದು ಕೈ ಮಾತ್ರ ಬಿಡುವಿರುತ್ತದೆ. ಆಗ ಸೆಕೆಂಡಿನ ಮುಳ್ಳು ಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಆ ಲೆಕ್ಕಕ್ಕೆ ತಿರುಗುವ ಮುಳ್ಳಿನಷ್ಟು ಅನುಕೂಲವಾದದ್ದು ಬೇರೆ ಇಲ್ಲ. ಪರೀಕ್ಷೆಯ ಕೊಠಡಿಯೂ ಹಿಂದೆ ವಾಚಿನದೇ ಜಾಗವಾಗಿತ್ತು. ಈಗ ಸಿಇಟಿಯಂಥ ಪರೀಕ್ಷೆಗಳಲ್ಲಿ ಕೈಗಡಿಯಾರಕ್ಕೂ ಪ್ರವೇಶವಿಲ್ಲ. ಎಸ್‌ಎಸ್‌ಎಲ್‌ಸಿ ಪಾಸಾದ ಮಗನಿಗೋ ಮಗಳಿಗೋ ವಾಚು ಕೊಡಿಸುತ್ತಿದ್ದ ತಲೆಮಾರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ.

ಗಡಿಯಾರ ಎಂಬ ಮಾತಿನ ಬೇರು ಘಟಿಕೆಯಲ್ಲಿದೆ. ತಳದಲ್ಲಿ ಸಣ್ಣ ತೂತಿದ್ದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವಷ್ಟು ಹೊತ್ತನ್ನು ಒಂದು ಘಳಿಗೆ ಎಂದು ಎಣಿಸುತ್ತಿದ್ದರು. ಅಂಥ 60 ಘಳಿಗೆಗೆ ಒಂದು ದಿನ, ಅಂದರೆ ಘಳಿಗೆಗೆ 24 ನಿಮಿಷ. ಆ ಹೊತ್ತು ಊರಿನದಾಗಿತ್ತು. ದೇವಸ್ಥಾನದ ಗಂಟೆಯಿಂದಲೋ ಕೋಟೆಯ ತೋಪಿನಿಂದಲೋ ಎಲ್ಲರಿಗೂ ಒಟ್ಟಿಗೆ ತಿಳಿಯುತ್ತಿತ್ತು. ಹೊತ್ತು ಒಬ್ಬೊಬ್ಬರದಾಗಿ ಮೈಮೇಲೆ ಬಂದದ್ದು ಜೇಬಿನ ಗಡಿಯಾರದೊಡನೆ. ಯುರೋಪಿನಲ್ಲಿ 19ನೆಯ ಶತಮಾನದುದ್ದಕ್ಕೂ ಮಣಿಕಟ್ಟಿನ ಗಡಿಯಾರ ಹೆಂಗಸರ ಆಭರಣವೆನಿಸಿತ್ತು, ಗಂಡಸರು ಸರಪಳಿಗೆ ಸಿಕ್ಕಿಸಿ ಜೇಬಿನಲ್ಲಿ ಇಡುತ್ತಿದ್ದರು. ಬ್ರೆಜಿಲಿನ ವಿಮಾನ ಸಾಹಸಿ ಆಲ್ಬರ್ಟೊ ಸಾಂಟೋಸ್ ಡ್ಯೂಮಾಂಟ್, ಹಾರಾಟದ ನಡುವೆ ಜೇಬಿಗೆ ಕೈ ಹಾಕಲಾಗುವುದಿಲ್ಲ ಎಂದದ್ದರಿಂದ ಪ್ಯಾರಿಸಿನ ಲೂಯಿ ಕಾರ್ಟಿಯೆ 1904ರಲ್ಲಿ ಅವನಿಗೆ ಕೈಗೆ ಕಟ್ಟುವ ಗಡಿಯಾರ ಮಾಡಿಕೊಟ್ಟ. ಆದರೂ ಗಂಡಸರ ಹಿಂಜರಿಕೆಯನ್ನು ನಿಜವಾಗಿ ಬಿಡಿಸಿದ್ದು ಮೊದಲನೆಯ ಮಹಾಯುದ್ಧ. ಫಿರಂಗಿ ದಾಳಿ ನಿಲ್ಲುವ ನಿಮಿಷಕ್ಕೆ ಸರಿಯಾಗಿ ಕಂದಕದಿಂದ ಮೇಲೇಳಬೇಕಾದ ಸೈನಿಕನಿಗೆ ಕೋಟಿನ ಗುಂಡಿ ಬಿಚ್ಚಿ ಹೊತ್ತು ನೋಡುವ ಪುರುಸೊತ್ತು ಎಲ್ಲಿಯದು? ಯುದ್ಧದಿಂದ ಮರಳಿದವರ ಕೈಯಲ್ಲಿ ವಾಚು ಉಳಿಯಿತು.

ಕೀ ಕೊಡುವ ವಾಚಿನ ಒಳಗೆ ನಡೆಯುವುದನ್ನು ಒಮ್ಮೆ ಕಂಡವರು ಅದನ್ನು ಸುಲಭವಾಗಿ ಮರೆಯುವುದಿಲ್ಲ. ಬದಿಯ ಪುಟ್ಟ ತಿರುಪನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮುಂದಕ್ಕೆ ತಿರುವಿದಾಗ ಕರಕರ ಸದ್ದಿನೊಂದಿಗೆ ಡಬ್ಬಿಯೊಳಗಿನ ಉಕ್ಕಿನ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳಲು ಹವಣಿಸುವ ಆ ಪಟ್ಟಿಯೇ ವಾಚಿನ ಇಡೀ ಬಲ. ಅದನ್ನು ತಡೆಯಿಲ್ಲದೆ ಬಿಟ್ಟರೆ ಚಕ್ರಗಳೆಲ್ಲ ಕೆಲವೇ ಕ್ಷಣಗಳಲ್ಲಿ ಗರಗರ ಸುತ್ತಿ ನಿಂತುಬಿಡುತ್ತವೆ. ಹಾಗಾಗದಂತೆ ಕೊನೆಯ ಚಕ್ರದ ಹಲ್ಲಿಗೆ ಒಂದು ಪುಟ್ಟ ಕವೆ ಅಡ್ಡ ನಿಲ್ಲುತ್ತದೆ. ಕೂದಲೆಳೆಯಷ್ಟು ತೆಳುವಾದ ಸುರುಳಿಯ ಆಸರೆಯಲ್ಲಿ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಆ ಕವೆಯನ್ನು ತಟ್ಟುತ್ತದೆ, ಪ್ರತಿ ತಟ್ಟಿಗೂ ಒಂದೊಂದು ಹಲ್ಲು ಬಿಡುಗಡೆಯಾಗುತ್ತದೆ. ಕಿವಿಗೆ ಕೇಳುವ ಟಿಕ್ ಟಿಕ್ ಅದೇ. ಹಳೆಯ ಕೀ ವಾಚುಗಳಲ್ಲಿ ಬಹುಪಾಲು ಗಂಟೆಗೆ 18,000 ಸಲ ಬಡಿಯುತ್ತವೆ, ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಇಷ್ಟು ಉಜ್ಜಾಟವನ್ನು ಬರಿಯ ಹಿತ್ತಾಳೆ ತಾಳದು. ಅದಕ್ಕಾಗಿ ಅಚ್ಚುಗಳ ತುದಿಗೆ ಕೃತಕ ಮಾಣಿಕ್ಯದ ಹರಳುಗಳನ್ನು ಕೂರಿಸುತ್ತಾರೆ. ಡಯಲ್ಲಿನ ಮೇಲೆ ‘17 ಜ್ಯೂಯೆಲ್ಸ್’ ಎಂದು ಬರೆದಿರುವುದು ಈ ಹರಳುಗಳ ಲೆಕ್ಕ. ಅದರಲ್ಲಿ ಅಲಂಕಾರ ಏನೂ ಇಲ್ಲ.

ಕನ್ನಡಿಗರಿಗೆ ಈ ಯಂತ್ರ ಹೊರಗಿನದಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಹುಟ್ಟಿದ ಹಿಂದುಸ್ತಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ), ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ವಾಚು ತಯಾರಿಕೆಗೆ ಇಳಿಯಿತು. ಅದಕ್ಕೆ ಮುಂಚೆ ಭಾರತದಲ್ಲಿ ವಾಚೆಂದರೆ ಸ್ವಿಟ್ಜರ್ಲೆಂಡಿನಿಂದ ಬಂದ ಫಾವ್ರ್ ಲ್ಯೂಬಾ, ವೆಸ್ಟ್ ಎಂಡ್, ರೋಮರ್; ಅವು ಗುಮಾಸ್ತನ, ಮೇಷ್ಟರ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಎಚ್‌ಎಂಟಿ ತನ್ನ ವಾಚುಗಳಿಗೆ ಇಟ್ಟ ಹೆಸರುಗಳಲ್ಲೇ ಆ ಕಾಲದ ಉಸಿರಿದೆ: ಜನತಾ, ಜವಾನ್, ಪೈಲಟ್, ಸೋನಾ, ರಜತ್, ಸುಜಾತಾ, ಕೋಹಿನೂರ್, ಕಾಂಚನ್. ಇವುಗಳಲ್ಲಿ ಜನತಾಗೆ ಸಲ್ಲಬೇಕಾದ ಗೌರವ ದೊಡ್ಡದು. ಬಿಳಿಯ ಡಯಲ್ಲು, ತೆಳುವಾದ ಮುಳ್ಳುಗಳು, 17 ಹರಳು, ದಿನಕ್ಕೊಮ್ಮೆ ಕೀ. ಅದರಲ್ಲಿ ತಾರೀಖೂ ಇಲ್ಲ, ವಾರವೂ ಇಲ್ಲ. ಬೇಡದ್ದನ್ನೆಲ್ಲ ಬಿಟ್ಟು, ಬೇಕಾದದ್ದನ್ನು ಸರಿಯಾಗಿ ಮಾಡಿ, ಸಾಮಾನ್ಯ ಸಂಸಾರದ ಕೈಗೆ ಕೊಟ್ಟದ್ದು ಆ ವಾಚಿನ ಸಾಧನೆ. ಕಣ್ಣು ಕಾಣದವರು ಗಾಜಿನ ಮುಚ್ಚಳ ಎತ್ತಿ ಬೆರಳಲ್ಲಿ ತಡವಿ ಹೊತ್ತು ತಿಳಿಯುವ ಬ್ರೈಲ್ ವಾಚನ್ನೂ ಈ ಕಾರ್ಖಾನೆ ಮಾಡಿತು. ಎಚ್‌ಎಂಟಿಯ ಹೆಸರು ಹೇಳಿದಾಗ ಅದನ್ನು ಮೊದಲು ನೆನೆಯಬೇಕು.

1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. ಜೋಡಣೆಯ ಮೇಜುಗಳ ಮುಂದೆ ಸಾಲಾಗಿ ಕೂತು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಎತ್ತಿ ಕೂರಿಸುತ್ತಿದ್ದವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಆ ಕೆಲಸ ಎಷ್ಟೋ ಸಂಸಾರಗಳನ್ನು ಎತ್ತಿ ನಿಲ್ಲಿಸಿತು. ವಾಚಿಗೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುವ ಕಾಲವಿತ್ತು. ಮದುವೆಯ ವರೋಪಚಾರದಲ್ಲಿ ಸೂಟು, ಉಂಗುರದ ಜೊತೆಗೆ ವಾಚೂ ಸೇರಿಕೊಂಡಿತು. ಪ್ರೀತಿಯಿಂದ ಕೊಟ್ಟದ್ದು ಎಷ್ಟೋ ಕಡೆ ಕೇಳಿ ಪಡೆಯುವ ಪಟ್ಟಿಗೆ ಹತ್ತಿ, ಹೆಣ್ಣು ಹೆತ್ತವರಿಗೆ ಸಾಲವಾದದ್ದೂ ಆ ಕಾಲದ ಕಥೆಯೇ. ಲಾಲ್‌ಬಾಗಿನ ಹೂವಿನ ಗಡಿಯಾರ ಎಚ್‌ಎಂಟಿಯ ಕೊಡುಗೆ. ಅದರ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಹಲವು ಮನೆಗಳ ಆಲ್ಬಮ್ಮಿನಲ್ಲಿ ಇಂದಿಗೂ ಇದೆ.

ಈ ಲೋಕವನ್ನು ಅಲುಗಿಸಿದ್ದು ಒಂದು ಹರಳಿನ ಚೂರು. ಜಪಾನಿನ ಸೈಕೋ ಕಂಪನಿ 1969ರ ಡಿಸೆಂಬರ್ 25ರಂದು ಮಾರುಕಟ್ಟೆಗೆ ತಂದ ಆಸ್ಟ್ರಾನ್ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ. ಇಂದಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನಲ್ಲಿ, ಸೆಲ್ಲಿನ ವಿದ್ಯುತ್ತು ತಾಕಿದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಅಂಕಿ ಮೇಲ್ನೋಟಕ್ಕೆ ವಿಚಿತ್ರ. ಆದರೆ ಅದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹೀಗೆ 15 ಸಲ ಮಾಡಿದರೆ ಉಳಿಯುವುದು ಸರಿಯಾಗಿ ಒಂದು. ಆ ಒಂದೇ ಸೆಕೆಂಡಿನ ಮುಳ್ಳನ್ನು ಒಂದು ಹೆಜ್ಜೆ ಮುಂದಕ್ಕೆ ಹಾಕುತ್ತದೆ. ಒಳ್ಳೆಯ ಕೀ ವಾಚು ದಿನಕ್ಕೆ ತಪ್ಪುವಷ್ಟು ಸೆಕೆಂಡನ್ನು ಕ್ವಾರ್ಟ್ಜ್ ವಾಚು ತಿಂಗಳಿಗೆ ತಪ್ಪುತ್ತದೆ. ಭಾರತದಲ್ಲಿ ಈ ಬದಲಾವಣೆಯನ್ನು ಚೆನ್ನಾಗಿ ಬಳಸಿಕೊಂಡದ್ದು 1984ರಲ್ಲಿ ಹುಟ್ಟಿ, ಬೆಂಗಳೂರಿಗೆ ಅಂಟಿಕೊಂಡಂತಿರುವ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟನ್. ಕ್ಸರ್ಕ್ಸಿಸ್ ದೇಸಾಯಿ ಅವರ ಮುಂದಾಳತ್ವದಲ್ಲಿ ಅದು ವಾಚನ್ನು ಅಂದದ ವಸ್ತುವಾಗಿ, ಉಡುಗೊರೆಯಾಗಿ ಮಾರಿತು. 2002ರ ಅದರ ಎಡ್ಜ್ ವಾಚಿನ ದಪ್ಪ ಬರೀ 3.5 ಮಿಲಿಮೀಟರ್. ಎಚ್‌ಎಂಟಿ ಕ್ವಾರ್ಟ್ಜ್ ವಾಚನ್ನು ಮಾಡದೆ ಇರಲಿಲ್ಲ, ಆದರೆ ಕೀ ವಾಚಿನ ದಾರಿಯನ್ನು ಬಿಟ್ಟು ಹೊರಳುವಷ್ಟು ವೇಗ ಅದಕ್ಕಿರಲಿಲ್ಲ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿಯ ವಸ್ತುಸಂಗ್ರಹಾಲಯವಿದೆ. ರಜೆಗೆ ಊರಿಗೆ ಬಂದವರು ಮಕ್ಕಳನ್ನು ಕರೆದೊಯ್ಯಲೇಬೇಕಾದ ಜಾಗ ಅದು.

ವಾಚಿನ ಸುತ್ತ ಬೆಳೆದ ಮಾತುಗಳೂ ಗಮನಕ್ಕೆ ತಕ್ಕವು. ಪೇಟ ಕಟ್ಟುವಂತೆ, ಕಂಕಣ ಕಟ್ಟುವಂತೆ ಕನ್ನಡದಲ್ಲಿ ವಾಚನ್ನೂ ‘ಕಟ್ಟುತ್ತಾರೆ’. ಚರ್ಮದ ಬೆಲ್ಟು ಹೋಗಿ ಸ್ಟೀಲಿನ ಚೈನು ಬಂದ ಮೇಲೆ ‘ಹಾಕಿಕೊಳ್ಳುವುದು’ ಹೆಚ್ಚಾಯಿತು. ವಾಚು ‘ನಡೆಯುತ್ತದೆ’, ‘ಓಡುತ್ತದೆ’, ‘ನಿಲ್ಲುತ್ತದೆ’. ಅದಕ್ಕೆ ಕಾಲಿಲ್ಲದಿದ್ದರೂ ಮುಳ್ಳಿದೆ. ‘ನಿಮ್ಮ ವಾಚಲ್ಲಿ ಎಷ್ಟು?’ ಎಂಬ ಪ್ರಶ್ನೆಯಲ್ಲಿ ಒಬ್ಬೊಬ್ಬರ ಹೊತ್ತು ಒಂದೊಂದು ಎಂಬ ಒಪ್ಪಿಗೆಯಿತ್ತು. ‘ನಂದು ಐದು ನಿಮಿಷ ಮುಂದಿದೆ’ ಎಂದು ಉತ್ತರಿಸಿದವರು ಬಸ್ಸು ತಪ್ಪದಿರಲೆಂದು ಬೇಕೆಂದೇ ಮುಂದಿಟ್ಟಿರುತ್ತಿದ್ದರು. ಅಪರಿಚಿತರ ನಡುವೆ ಮಾತು ಶುರುವಾಗುತ್ತಿದ್ದುದೇ ‘ಟೈಮೆಷ್ಟು ಸಾರ್?’ ಎಂಬಲ್ಲಿಂದ. ಎಲ್ಲರ ಜೇಬಿನಲ್ಲೂ ಒಂದೇ ಹೊತ್ತು ಇರುವ ಈ ದಿನಗಳಲ್ಲಿ ಆ ಪ್ರಶ್ನೆ ಅಪರೂಪವಾಗಿದೆ. ಬಸ್ ಸ್ಟಾಂಡಿನ ಬೆಂಚಿನ ಮೇಲೆ ಅದರಿಂದ ಆಗಿರುವ ನಷ್ಟ ಸಣ್ಣದಲ್ಲ.

ವಾಚು ಕಟ್ಟಬೇಕೆಂದು ಹೊರಟವರು ಕೆಲವು ಸಂಗತಿ ತಿಳಿದಿರಬೇಕು. ‘30 ಮೀಟರ್’ ನೀರುತಡೆ ಎಂದು ಬರೆದಿದ್ದರೆ ಅದನ್ನು ಕಟ್ಟಿಕೊಂಡು ಈಜಬಹುದೆಂದಲ್ಲ. ಕೈ ತೊಳೆಯುವಾಗಿನ ಹನಿ, ತುಂತುರು ಮಳೆಗಷ್ಟೇ ಅದು ಸಾಕು. ಕೀ ವಾಚನ್ನು ಸ್ಪೀಕರಿನ ಪಕ್ಕ, ಅಯಸ್ಕಾಂತದ ಗುಂಡಿಯಿರುವ ಬ್ಯಾಗಿನ ಮೇಲೆ ಇಡಬಾರದು. ಕೂದಲೆಳೆಯ ಸುರುಳಿ ಕಾಂತತ್ವ ಪಡೆದು ಸುತ್ತುಗಳು ಒಂದಕ್ಕೊಂದು ಅಂಟಿದರೆ ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತದೆ. ಹಳೆಯ ಎಚ್‌ಎಂಟಿ ಎಂದು ಆನ್‌ಲೈನಿನಲ್ಲಿ ಮಾರಾಟಕ್ಕಿರುವ ಕಡುನೀಲಿ, ಕಿತ್ತಳೆ ಡಯಲ್ಲಿನ ಎಷ್ಟೋ ವಾಚುಗಳು ಸವೆದ ಡಯಲ್ಲಿಗೆ ಹೊಸ ಬಣ್ಣ ಬಳಿದು, ಎಲ್ಲೆಲ್ಲಿಯದೋ ಭಾಗ ಸೇರಿಸಿ ಮಾಡಿದವು. ಅವುಗಳ ಹೊಳಪಿಗಿಂತ ಅಜ್ಜನ ಪೆಟ್ಟಿಗೆಯಲ್ಲಿ ನಿಂತುಹೋಗಿರುವ, ಡಯಲ್ಲು ಹಳದಿಗಟ್ಟಿದ ಜನತಾಗೆ ಬೆಲೆ ಹೆಚ್ಚು. ಆ ಹಳದಿಯನ್ನು ಅಳಿಸಹೋಗದಿರುವುದೇ ಮೇಲು.

ಹೊರದೇಶದಲ್ಲಿ ನೆಲೆಸಿದವರ ಕೈಯಲ್ಲಿ ವಾಚಿಗೆ ಇನ್ನೊಂದು ಕೆಲಸವಿದೆ. ಅಲ್ಲಿನ ಹೊತ್ತಿನ ಜೊತೆಗೆ ಊರಿನ ಹೊತ್ತನ್ನೂ ತಲೆಯಲ್ಲಿ ಇಟ್ಟುಕೊಂಡೇ ಅವರು ಬದುಕುತ್ತಾರೆ. ನ್ಯೂಯಾರ್ಕಿಗೂ ಬೆಂಗಳೂರಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ. ಅಮ್ಮನಿಗೆ ಫೋನು ಮಾಡುವ ಮುನ್ನ ಈ ಲೆಕ್ಕ ದಿನವೂ ನಡೆಯುತ್ತದೆ. ಬ್ರಿಟನ್ನಿನಲ್ಲಿರುವವರಿಗೆ ಮಾತ್ರ ಒಂದು ಸೊಗಸಾದ ಉಪಾಯ ದಕ್ಕಿದೆ. ಚಳಿಗಾಲದಲ್ಲಿ ಭಾರತದ ಸಮಯ ಲಂಡನ್ನಿಗಿಂತ ಐದೂವರೆ ಗಂಟೆ ಮುಂದು. ಲಂಡನ್ ಹೊತ್ತಿಗೆ ಇಟ್ಟ ಮುಳ್ಳಿನ ವಾಚನ್ನು ತಲೆಕೆಳಗಾಗಿ ಹಿಡಿದರೆ ಊರಿನ ಹೊತ್ತು ಕಾಣುತ್ತದೆ. ಬೆಳಿಗ್ಗೆ 9 ಗಂಟೆಗೆ ತಿರುಗಿಸಿ ಹಿಡಿದರೆ 12ರ ಮೇಲಿದ್ದ ನಿಮಿಷದ ಮುಳ್ಳು 6ರ ಜಾಗಕ್ಕೂ, 9ರ ಮೇಲಿದ್ದ ಗಂಟೆಯ ಮುಳ್ಳು 3ರ ಜಾಗಕ್ಕೂ ಬರುತ್ತದೆ. ಗಂಟೆಯ ಮುಳ್ಳು ಅರ್ಧ ಗಂಟೆಯಷ್ಟು ಮುಂದಿರುತ್ತದೆ. ಅದನ್ನು ಕಳೆದು ಓದಿದರೆ ಮಧ್ಯಾಹ್ನ 2.30, ಊರಿನಲ್ಲಿ ಊಟ ಮುಗಿದ ಹೊತ್ತು. ಮಾರ್ಚ್ ಕೊನೆಯಲ್ಲಿ ಬ್ರಿಟನ್ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ದಿನ ಈ ಉಪಾಯ ನಿಲ್ಲುತ್ತದೆ, ಅಕ್ಟೋಬರ್ ಕೊನೆಗೆ ಮತ್ತೆ ಕೆಲಸಕ್ಕೆ ಬರುತ್ತದೆ.

ಕೀ ವಾಚನ್ನು ಆಯ್ದುಕೊಂಡವರಿಗೆ ಅದನ್ನು ರಿಪೇರಿ ಮಾಡುವವರೂ ಬೇಕು. ಇದೇ ಈಗಿನ ನಿಜವಾದ ಚಿಂತೆ. ಪೇಟೆ ಬೀದಿಯ ಅಂಗಡಿಗಳ ಮೆಟ್ಟಿಲ ಪಕ್ಕ ಗಾಜಿನ ಪೆಟ್ಟಿಗೆಯ ಹಿಂದೆ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದವರಲ್ಲಿ ಬಹಳ ಮಂದಿ ಈಗ ಸೆಲ್ಲು, ಬೆಲ್ಟು ಬದಲಿಸುವುದಕ್ಕೇ ಸೀಮಿತರಾಗಿದ್ದಾರೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಆದರೂ ಹಳೆಯ ಕೈಗಳು ಕೆಲವು ಉಳಿದಿವೆ. ಅಂಥವರು ವಾಚನ್ನು ಪೂರ್ತಿ ಬಿಚ್ಚಿ, ಚಕ್ರಗಳನ್ನು ತೊಳೆದು, ಮಾಣಿಕ್ಯದ ಕುಳಿಗಳಿಗೆ ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಿ ಮತ್ತೆ ಜೋಡಿಸುತ್ತಾರೆ. ಕೊನೆಗೆ ಬ್ಯಾಲೆನ್ಸ್ ಚಕ್ರವನ್ನು ಅದರ ಜಾಗಕ್ಕೆ ಇಳಿಸಿದಾಗ, ತಿರುಪು ಬಿಗಿಯುವ ಮುನ್ನವೇ ಅದು ತಾನಾಗಿ ತೂಗತೊಡಗುತ್ತದೆ. ಆಮೇಲೆ ಡಯಲ್ಲು ಕೂರುತ್ತದೆ, ಮುಳ್ಳುಗಳು 12ರ ನೇರಕ್ಕೆ ಒಂದರ ಮೇಲೊಂದು ಕೂರುತ್ತವೆ. ಹಿಂದಿನ ಮುಚ್ಚಳ ಹಾಕುವ ಮೊದಲು ಹಲವರು ಅದರ ಒಳಮೈಯಲ್ಲಿ ಮೊಳೆಯ ಮೊನೆಯಿಂದ ತಾರೀಖನ್ನೂ ತಮ್ಮ ಗುರುತನ್ನೂ ಗೀಚುತ್ತಾರೆ. ಹತ್ತಾರು ವರ್ಷ ನಡೆದ ವಾಚಿನ ಮುಚ್ಚಳದಲ್ಲಿ ಅಂಥ ಗೀಚುಗಳು ನಾಲ್ಕಾರು ಇರುತ್ತವೆ, ಒಂದರ ಕೆಳಗೊಂದು. ಕಟ್ಟಿಕೊಂಡವರಿಗೆ ಅವು ಎಂದೂ ಕಾಣುವುದಿಲ್ಲ. ಮುಂದಿನ ಸಲ ಬಿಚ್ಚಿದವರು ಓದುತ್ತಾರೆ.