ಮುಚ್ಚಿಟ್ಟ ಗಂಟು

ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಒಂದು ಸಂಜೆ ಶಿಫ್ಟ್ ಮುಗಿಸಿ ನಮ್ಮ ಮನೆಗೆ ಬಂದಳು. ಊಟದ ಚೀಲದ ತಳದಿಂದ ನಾಲ್ಕಾಗಿ ಮಡಿಸಿದ ನಿಕಾಹ್‌ನಾಮಾ ತೆಗೆದು, "ಆಪಾ, ಇದರಲ್ಲಿ ಏನಿದೆ ಓದಿ ಹೇಳಿ" ಎಂದಳು. ಅವಳು ಕಲಿತದ್ದು ಕನ್ನಡ ಶಾಲೆಯಲ್ಲಿ, ಕಾಗದ ಇದ್ದದ್ದು ಉರ್ದುವಿನಲ್ಲಿ. ಮಹರ್ ಎಷ್ಟು, ಎಷ್ಟು ಬಾಕಿ ಎಂಬುದನ್ನು ಓದಿ ಹೇಳಿದೆ. ಅವಳ ಮೊಣಕೈ ಮೇಲಿನ ನೀಲಿ ಗುರುತಿನ ಬಗ್ಗೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಅವರಿಗೆ ಗೊತ್ತಾಗದ ಹಾಗೆ ಇದನ್ನೆಲ್ಲ ಮಾಡ್ತಾ ಇದ್ದೀನಿ. ಇದು ಗುನಾಹ್ ಅಲ್ವಾ?"

ಹೊಡೆದವನಿಗೆ ಬಾರದ ಪ್ರಶ್ನೆ ಹೊಡೆಸಿಕೊಂಡವಳಿಗೆ ಬಂದಿತ್ತು.

ಇಂಥವರಿಗೆ ನಮ್ಮ ಹಿರಿಯರು ಮೊದಲು ಹೇಳುವ ಮಾತು 'ಸಬರ್ ಮಾಡು'. ಸಹನೆ ದೊಡ್ಡ ಗುಣ, ನಿಜ. ಆದರೆ ಒಬ್ಬಳ ಸಹನೆ ಇನ್ನೊಬ್ಬನ ಕ್ರೌರ್ಯಕ್ಕೆ ಪರವಾನಗಿಯಾಗಬಹುದೇ? ಬಾಳಿಸುವುದಾದರೆ ಒಳ್ಳೆಯ ರೀತಿಯಲ್ಲಿ ಬಾಳಿಸಿ, ಇಲ್ಲವೇ ಸೌಜನ್ಯದಿಂದ ಬಿಡಿ, ಪೀಡಿಸಲೆಂದು ಹಿಡಿದಿಟ್ಟುಕೊಳ್ಳಬೇಡಿ ಎಂಬುದು ಕುರ್‌ಆನಿನ ಆದೇಶ. ಸಾಬಿತ್ ಬಿನ್ ಕೈಸರ ಪತ್ನಿ ಗಂಡನ ನಡತೆಯಲ್ಲಾಗಲಿ ಧರ್ಮನಿಷ್ಠೆಯಲ್ಲಾಗಲಿ ದೋಷ ಹೇಳಲಿಲ್ಲ. ಆದರೂ, ಮಹರ್ ಆಗಿ ಪಡೆದ ತೋಟವನ್ನು ಹಿಂತಿರುಗಿಸಿದಾಗ ಪ್ರವಾದಿಯವರು (ಸ) ಆಕೆಗೆ ಬಿಡುಗಡೆ ಕೊಡಿಸಿದರು. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯೂ ಕ್ರೌರ್ಯದ ಕಾರಣಕ್ಕೆ ಹೆಣ್ಣು ವಿಚ್ಛೇದನ ಕೇಳಬಹುದೆನ್ನುತ್ತದೆ. ಮೈಮೇಲೆ ಕೈ ಮಾಡದೆಯೂ ಬದುಕನ್ನು ನರಕವಾಗಿಸುವ ನಡವಳಿಕೆ ಅದರ ಪ್ರಕಾರ ಕ್ರೌರ್ಯವೇ.

ಇಷ್ಟನ್ನು ಒಪ್ಪುವವರೂ, "ಹೋಗುವುದಾದರೆ ಎದುರಿಗೆ ಹೇಳಿ ಹೋಗಲಿ, ಕದ್ದು ಯಾಕೆ?" ಎನ್ನುತ್ತಾರೆ. ಮೇಲುನೋಟಕ್ಕೆ ಇದು ನ್ಯಾಯದ ಮಾತು. ಆದರೆ ಹೊಡೆಯುವವನ ಹಿಡಿತ ತಪ್ಪುತ್ತಿದೆ ಎಂದು ಅವನಿಗೆ ತಿಳಿಯುವ ಹೊತ್ತೇ ಹೆಣ್ಣಿಗೆ ಅತ್ಯಂತ ಅಪಾಯದ ಹೊತ್ತು. ಅಂಥ ಕಡೆ ಸತ್ಯವನ್ನು ಮುಂಚಿತವಾಗಿ ಸಾರು ಎನ್ನುವುದು, ಅವಳ ಪ್ರಾಣವನ್ನು ಅವನ ಕೈಗೆ ಕೊಡು ಎಂದಂತೆ.

ಹಿಜ್ರತ್ತನ್ನು ನೆನೆಯೋಣ. ಮಕ್ಕಾದಲ್ಲಿ ಕೊಲೆಯ ಸಂಚು ನಡೆದಿದ್ದಾಗ ಪ್ರವಾದಿಯವರು (ಸ) ಯಾರಿಗೂ ಸಾರಿ ಹೊರಡಲಿಲ್ಲ. ಒಂಟೆಗಳನ್ನು ಮೊದಲೇ ಸಿದ್ಧಪಡಿಸಲಾಗಿತ್ತು. ದಾರಿ ಬಲ್ಲವನೊಬ್ಬನನ್ನು ಗೊತ್ತುಮಾಡಲಾಗಿತ್ತು. ಹಾಸಿಗೆಯಲ್ಲಿ ಹಝ್ರತ್ ಅಲಿ ಮಲಗಿದ್ದರು. ಅಬೂಬಕರರ ಮಗಳು ಅಸ್ಮಾ ತನ್ನ ನಡುಪಟ್ಟಿಯನ್ನು ಸೀಳಿ ಬುತ್ತಿ ಕಟ್ಟಿದರು. ಅಷ್ಟೊಂದು ಗುಟ್ಟಿನ ನಡುವೆಯೂ, ಜನ ನಂಬಿ ಇಟ್ಟಿದ್ದ ಅಮಾನತ್ತುಗಳನ್ನು ಅವರವರಿಗೆ ಮರಳಿಸಲು ಅಲಿಯವರನ್ನು ಹಿಂದೆ ಉಳಿಸಲಾಯಿತು. ಗುಟ್ಟು ಬೇರೆ, ವಂಚನೆ ಬೇರೆ. ಪ್ರಾಣ ಉಳಿಸಿಕೊಳ್ಳಲು ದಾರಿಯನ್ನು ಮುಚ್ಚಿಡುವುದು ತಪ್ಪಲ್ಲ. ಇನ್ನೊಬ್ಬರ ವಸ್ತು ಎತ್ತಿಕೊಂಡು ಹೋಗುವುದು ತಪ್ಪು.

ಈ ಅಳತೆಗೋಲಿನಲ್ಲಿ ನೋಡಿದರೆ ಆ ಹುಡುಗಿ ಮಾಡುತ್ತಿದ್ದುದೇನು? ದುಡಿದ ಸಂಬಳ ಅವಳದೇ, ಶರೀಅತ್ತಿನಲ್ಲೂ ಗಂಡನಿಗೆ ಅದರ ಮೇಲೆ ಹಕ್ಕಿಲ್ಲ. ಆದರೂ ಎಟಿಎಂ ಕಾರ್ಡ್ ಅವನ ಜೇಬಿನಲ್ಲಿ. ಅವಳು ಬೇರೆ ಖಾತೆ ತೆರೆದರೆ ಅದು ಕಳವಲ್ಲ. ನಿಕಾಹ್‌ನಾಮಾ, ಆಧಾರ್, ಮಕ್ಕಳ ಜನನ ಪತ್ರ, ಆಸ್ಪತ್ರೆ ಚೀಟಿಗಳ ನಕಲನ್ನು ನಂಬಿಕೆಯವರಲ್ಲಿ ಇಡುವುದು, ಫೋನಿನ ಪಾಸ್‌ವರ್ಡ್ ಬದಲಿಸುವುದು, ರಾತ್ರಿ ಹೊರಡಬೇಕಾಗಿ ಬಂದರೆ ಯಾರ ಬಾಗಿಲು ತಟ್ಟಬೇಕೆಂದು ಮೊದಲೇ ಮಾತಾಡಿಕೊಳ್ಳುವುದು, ಇವೆಲ್ಲ ಬುತ್ತಿ ಕಟ್ಟುವ ಕೆಲಸಗಳೇ. 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯಡಿ ವಿಚ್ಛೇದನಕ್ಕೆ ಮೊದಲೇ ರಕ್ಷಣೆಯ ಆದೇಶ, ಇರಲು ಜಾಗ, ಜೀವನಾಂಶ ಕೇಳಬಹುದು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೆಂದು ಕೇಳುವುದಿಲ್ಲ. ಮಹಿಳಾ ಸಹಾಯವಾಣಿ 181. ಹೊಡೆತ ಬೀಳುತ್ತಿರುವ ಹೊತ್ತಿಗೆ 112.

ಹಾಗಾದರೆ ಗುನಾಹ್‌ನ ಪ್ರಶ್ನೆ ಯಾರಿಗೆ ಕೇಳಬೇಕು? ನನಗೆ ಅನಿಸುವಂತೆ ಸುತ್ತಲಿನ ನಮಗೆ. ಪಂಚಾಯಿತಿ ಹೆಸರಿನಲ್ಲಿ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, "ಈಗ ಹೇಳಮ್ಮಾ" ಎನ್ನುವ ಜಮಾಅತ್ತಿನ ಹಿರಿಯರು, ಆ ರಾತ್ರಿ ಅವಳು ಅದೇ ಮನೆಗೆ ಮರಳಬೇಕೆಂಬುದನ್ನು ಯೋಚಿಸುವುದಿಲ್ಲ. ನಂಬಿ ಹೇಳಿದ್ದನ್ನು ಒಳ್ಳೆಯ ಮನಸ್ಸಿನಿಂದಲೇ ಅತ್ತೆಯ ಕಿವಿಗೆ ಹಾಕುವ ನೆರೆಯವರಿದ್ದಾರೆ. 'ನಮ್ಮ ಮಾನ' ಎಂದು ಬಾಗಿಲು ಹಾಕಿಕೊಳ್ಳುವ ತವರುಮನೆಗಳಿವೆ. ಗುಟ್ಟು ಕಾಯುವುದೂ ಒಂದು ಅಮಾನತ್ ಎಂಬುದನ್ನು ನಾವು ಮರೆತಿದ್ದೇವೆ.

ಅಂದು ಅವಳ ಪ್ರಶ್ನೆಗೆ ನಾನು ಇಷ್ಟು ಉದ್ದದ ಉತ್ತರ ಕೊಡಲಿಲ್ಲ. ಕಂಪನಿಯ ಊಟದ ಚೀಲದಲ್ಲಿ ಆ ಕಾಗದ ಮತ್ತೆ ಮನೆಗೆ ಹೋಗುವುದು ಬೇಡವೆನಿಸಿತು. "ಗುನಾಹ್ ಅಲ್ಲಮ್ಮಾ, ಇಲ್ಲೇ ಬಿಟ್ಟು ಹೋಗು" ಎಂದೆ. ಅದೀಗ ನನ್ನ ಟ್ರಂಕಿನಲ್ಲಿದೆ. ಅವಳು ಯಾವಾಗ ಕೇಳುತ್ತಾಳೋ ಗೊತ್ತಿಲ್ಲ, ಕೇಳುವವರೆಗೆ ಅದು ಅಲ್ಲೇ ಇರುತ್ತದೆ.