ಕಳೆದದ್ದು ನಮ್ಮದು, ಹೊಲ ಯಾರದು?

ಭಾನುವಾರದ ಪೂಜೆ ಮುಗಿಸಿ ವಿಜಯನಗರದ ತಂದೆಯೊಬ್ಬರು ಮಗನೊಡನೆ ಕೆಂಗೇರಿಯಾಚೆಯ ಬಯಲಿಗೆ ಹೋದರೆನ್ನಿ. ಮಗ ಹಾರಿಸಿದ ರೇಡಿಯೋ ನಿಯಂತ್ರಣದ ಪುಟ್ಟ ವಿಮಾನ ಗಾಳಿಗೆ ಸಿಕ್ಕಿ, ತೆನೆಗಟ್ಟಿದ ರಾಗಿ ಹೊಲದಲ್ಲಿ ಬಿತ್ತು. ಮಗನ ಕಣ್ಣಲ್ಲಿ ನೀರು. ತಂದೆ ಪೈರಿನೊಳಗೆ ನುಗ್ಗಲು ಹೊರಟರು. ವಸ್ತು ನಮ್ಮದೇ, ಹುಡುಕಿದರೆ ತಪ್ಪೇನು?

ಯೇಸುಸ್ವಾಮಿಯ ಸಾಮತಿಯ ಕುರುಬನೂ ಕಳೆದ ಕುರಿಯನ್ನು ಸಿಗುವವರೆಗೆ ಹುಡುಕಿದ. ಆದರೆ ಪರರ ಬೆಳೆ ತುಳಿದು ಹುಡುಕಿದನೆಂದು ಲೂಕನು ಬರೆದಿಲ್ಲ. ನೆರೆಯವನ ಹೊಲದಲ್ಲಿ ಕೈಯಿಂದ ತೆನೆ ಕೀಳಬಹುದು, ಕುಡುಗೋಲು ಹಾಕಬಾರದು ಎಂಬುದು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದ ನಿಯಮ. ನಮ್ಮ ಅಗತ್ಯಕ್ಕೂ ಮಿತಿಯುಂಟು. ಅದರ ಹಿಂದಿನ ಅಧ್ಯಾಯ ಹೊಲದವನಿಗೂ ಹೊಣೆ ಹೊರಿಸುತ್ತದೆ: ಪರರು ಕಳೆದುಕೊಂಡದ್ದು ಕಣ್ಣಿಗೆ ಬಿದ್ದರೆ ಕಾಣದವನಂತೆ ಹೋಗದೆ ಹಿಂದಿರುಗಿಸಬೇಕು. ಸಿಕ್ಕ ವಸ್ತುವನ್ನು ಕೈಗೆತ್ತಿಕೊಂಡವನು ಜೋಪಾನ ಮಾಡಬೇಕೆಂದು 1872ರ ಭಾರತೀಯ ಕರಾರು ಕಾಯಿದೆಯೂ ಹೇಳುತ್ತದೆ.

ಹಾಗಾದರೆ ಮೊದಲು ಹುಡುಕಬೇಕಾದದ್ದು ಹೊಲದ ಯಜಮಾನನನ್ನು. "ಅಣ್ಣಾ, ನಮ್ಮ ಮಗುವಿನ ಆಟಿಕೆ ನಿಮ್ಮ ಹೊಲದಲ್ಲಿ ಬಿದ್ದಿದೆ, ಬರಬಹುದೇ?" ಎಂದು ಕೇಳೋಣ. ಅವರು ತೋರಿಸಿದ ಬದುವಿನ ಮೇಲೆ ನಡೆಯೋಣ. ಪೈರು ಮುರಿದರೆ ಬೆಲೆ ಕೊಡೋಣ. ಇಂದು ಸಿಗದ ವಿಮಾನ ಕೊಯ್ಲಿನ ದಿನ ಸಿಕ್ಕೀತು. ತುಳಿದ ಪೈರು ಮತ್ತೆ ಏಳದು. ಪಕ್ಕದಲ್ಲಿ ನಿಂತ ಮಗ ಇದನ್ನೆಲ್ಲ ನೋಡುತ್ತಿರುತ್ತಾನೆ.